ಅರ್ಧ ಒರಳಿನ ಸರದಿ

ಸುಣ್ಣದಗೂಡಿನ ನಲ್ಲಿಯ ಮುಂದೆ ಮನುಷ್ಯರು ನಿಂತಿರುತ್ತಿರಲಿಲ್ಲ. ಆದರೂ ಅಲ್ಲಿ ಸಾಲು ಮಾತ್ರ ಯಾವ ಹೊತ್ತಿನಲ್ಲೂ ಇತ್ತು.

ಎಲ್ಲಕ್ಕಿಂತ ಮುಂದೆ ಅರ್ಧ ಒಡೆದ ಒರಳುಕಲ್ಲು. ಅದರ ಬೆನ್ನಿಗೆ ತಳ ತೂತಾದ, ಪಿಂಗಾಣಿ ಬಳಿದ ತಗಡಿನ ಬೇಸಿನ್ನು. ಆಮೇಲೆ ಹಿಡಿ ಕಳಚಿದ ಕುಕ್ಕರು, ಒಂಟಿ ಹವಾಯಿ ಚಪ್ಪಲಿ, ಸೀಮೆಎಣ್ಣೆ ಸ್ಟೌವಿನ ಹೊಟ್ಟೆ, ಡಾಲ್ಡಾ ಡಬ್ಬ, ಸೈಕಲ್ಲಿನ ಮಡ್‌ಗಾರ್ಡು. ಹೀಗೆ ಇಪ್ಪತ್ತೆರಡು ಸಾಮಾನು, ನಲ್ಲಿಯಿಂದ ಹಳೆಯ ಭಟ್ಟಿಯ ಗೋಡೆಯವರೆಗೆ ಒಂದರ ಹಿಂದೊಂದು. ಚಾಮರಾಜಪೇಟೆಯ ಹಿಂಬದಿಯ ಆ ಭಟ್ಟಿಯಲ್ಲಿ ಒಂದು ಕಾಲಕ್ಕೆ ಸುಣ್ಣ ಸುಡುತ್ತಿದ್ದರು. ಸುಟ್ಟ ಸುಣ್ಣ ಬಸವನಗುಡಿಯ ಮನೆಗಳ ಗೋಡೆಗೆ ಹೋಯಿತು. ಸುಟ್ಟವರು ಭಟ್ಟಿಯ ಬುಡದಲ್ಲೇ ಉಳಿದರು.

ಇಪ್ಪತ್ತೆರಡು ಮನೆಗೆ ಒಂದು ನಲ್ಲಿ. ಮೂರು ದಿನಕ್ಕೊಮ್ಮೆ ನೀರು. ಅದು ಬೆಳಿಗ್ಗೆ ಹತ್ತಕ್ಕೆ ಬರುತ್ತದೋ ಮಧ್ಯಾಹ್ನ ಮೂರಕ್ಕೆ ಬರುತ್ತದೋ, ವಾಲ್ವ್ ತಿರುಗಿಸುವ ರಾಮಾನುಜನಿಗೇ ಗೊತ್ತಿರುತ್ತಿರಲಿಲ್ಲ. ಕೂಲಿಗೆ ಹೋಗುವ ಹೆಂಗಸು, ನಾಲ್ಕು ಮನೆಯ ಮುಸುರೆ ತಿಕ್ಕುವ ಹೆಂಗಸು, ಮೂರು ದಿನ ನಲ್ಲಿಯ ಮುಂದೆ ನಿಲ್ಲುವುದುಂಟೆ? ಅವಳ ಬದಲಿಗೆ ಅವಳ ಮುರುಕು ಸಾಮಾನು ನಿಲ್ಲುತ್ತಿತ್ತು. ನೀರು ಬಂದಾಗ ಮನೆಗೆ ಆರು ಬಿಂದಿಗೆ. ಹತ್ತು ಹನ್ನೆರಡು ಮನೆ ಮುಗಿಯುವ ಹೊತ್ತಿಗೆ ನಲ್ಲಿ ಬುಸ್ ಎನ್ನುತ್ತಿತ್ತು. ತುಂಬಿಕೊಂಡವರ ಸಾಮಾನು ಹಿಂದಕ್ಕೆ, ಸಿಗದವರದು ಮುಂದಕ್ಕೆ. ಆ ಸಾಲನ್ನು ಪೊಲೀಸರು ಕಾಯುತ್ತಿರಲಿಲ್ಲ, ಕಾರ್ಪೊರೇಟರು ಕಾಯುತ್ತಿರಲಿಲ್ಲ. ಆದರೂ ಬೇರೆಯವಳ ಡಬ್ಬವನ್ನು ಒಂದು ಗೇಣು ಆಚೀಚೆ ಸರಿಸಿದವರು ಸುಣ್ಣದಗೂಡಿನಲ್ಲಿ ಹುಟ್ಟಿರಲಿಲ್ಲ.

ಆ ಸಾಲಿನಲ್ಲಿ ಮುಯ್ಯಿಯೂ ಇತ್ತು. ಮದುವೆಯೋ ತಿಥಿಯೋ ಇದ್ದವರು ಪಕ್ಕದ ಮನೆಯವರ ಸರದಿಯನ್ನು ಕೇಳಿ ಪಡೆಯುತ್ತಿದ್ದರು. ಅವರ ಮನೆಯ ಕಾರ್ಯಕ್ಕೆ ಇವರು ತಿರುಗಿ ಕೊಡಬೇಕು. ಗುರುತಿಗೆ, ಪಡೆದವಳು ಕೊಟ್ಟವಳ ಸಾಮಾನಿಗೆ ತನ್ನ ಹಳೇ ಸೀರೆಯ ಒಂದು ಚೂರು ಕಟ್ಟುತ್ತಿದ್ದಳು. ಅಷ್ಟೇ ಅವರ ಕಾಗದ, ಅಷ್ಟೇ ರುಜು.

ಆ ವಾರ, ಅಂದರೆ ತೊಂಬತ್ತೆಂಟರ ಮಾರ್ಚಿನಲ್ಲಿ, ಸಾಲಿನ ಆರು ಸಾಮಾನುಗಳ ಮೇಲೆ ಕೆಂಪು ಚೂರು ಹಾರಾಡುತ್ತಿತ್ತು. ಎಲ್ಲವೂ ಮುನಿಯಕ್ಕನದು. ಮೊದಲನೇ ಒರಳು ಅವಳದ್ದೇ. ಅದರ ಜೊತೆಗೆ ಮೊದಲ ಹತ್ತರೊಳಗಿನ ಆರು ಸರದಿಗಳನ್ನು ಅವಳು ಮುಯ್ಯಿಗೆ ಪಡೆದಿದ್ದಳು. ಎಂಟು ವರ್ಷದಿಂದ ಕೊಟ್ಟದ್ದನ್ನೇ ಈಗ ಕೇಳಿ ತೆಗೆದುಕೊಂಡದ್ದು. ಶನಿವಾರ ನೀರು. ಭಾನುವಾರ ಮಗಳು ಸರ್ವಮಂಗಳಾಳ ಮಗುವಿಗೆ ನಾಮಕರಣ. ಮಾಗಡಿಯಿಂದ ಬೀಗರು ನಲವತ್ತು ಜನ ಬರುವವರಿದ್ದರು.

ಸೀಮಂತಕ್ಕೆ ಬಂದಾಗ ಇದೇ ಬೀಗಿತ್ತಿ ಎಂಜಲು ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಕೈ ತೊಳಿಯಾಕೂ ನೀರಿಲ್ದಿರೋ ಮನೇಲಿ ನಮ್ ಸೊಸೆ ಬಾಣಂತನ ಹೆಂಗಮ್ಮಾ?" ಎಂದಿದ್ದಳು. ಆವತ್ತಿನಿಂದ ಮುನಿಯಕ್ಕ ಅಗರಬತ್ತಿ ಹೊಸೆಯುವಾಗಲೆಲ್ಲ ಬಾಯಲ್ಲಿ ಎಣಿಸುತ್ತಿದ್ದಳು: ಏಳು ಸರದಿ, ನಲವತ್ತೆರಡು ಬಿಂದಿಗೆ.

ಶುಕ್ರವಾರ ಬೆಳಿಗ್ಗೆ, ಅವಳು ಹೊಸೆದ ಬತ್ತಿಯ ಕಟ್ಟುಗಳನ್ನು ಕಂಪನಿಗೆ ಕೊಟ್ಟುಬರಲು ಹೋಗಿದ್ದಾಗ, ಎನ್.ಆರ್. ಕಾಲೋನಿಯ ನಿರ್ಮಲ ಸೇವಾ ಬಳಗ ಒಂದು ಬಸ್ಸು, ಒಂದು ಲಾರಿ ಸಮೇತ ಸುಣ್ಣದಗೂಡಿಗೆ ಬಂದಿಳಿಯಿತು.

ಬಳಗದವರು ಕೆಟ್ಟವರಲ್ಲ. ರಿಟೈರಾದ ಗುಮಾಸ್ತರು, ಬ್ಯಾಂಕಿನವರು, ಕಾಲೇಜು ಹುಡುಗಿಯರು. ಬಡವರಿಗೆ ನೀರು, ನೈರ್ಮಲ್ಯ ಒದಗಿಸುವುದೆಂದು ಉಪ್ಪಿಟ್ಟು ತಿನ್ನುತ್ತ ಠರಾವು ಮಾಡಿದ್ದರು. ಮೊದಲ ಹೆಜ್ಜೆ ಶ್ರಮದಾನ. ಎರಡನೇ ಹೆಜ್ಜೆ ಜಾಗೃತಿ ಮಂಟಪ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಶಂಭುಲಿಂಗಪ್ಪನವರು ತೀರಿಕೊಂಡ ತಾಯಿಯ ಹೆಸರಿನಲ್ಲಿ ಅದನ್ನು ಕಟ್ಟಿಸಿಕೊಡಲು ಒಪ್ಪಿದ್ದರು. ಮಂಟಪದ ನಾಲ್ಕು ಗೋಡೆಯ ಮೇಲೂ ಬಣ್ಣದಲ್ಲಿ ಬರೆಯುವುದಿತ್ತು: ಊಟಕ್ಕೆ ಮುಂಚೆ ಕೈ ತೊಳೆಯಿರಿ. ಯಾವ ನೀರಿನಲ್ಲಿ ಎಂಬ ಪ್ರಶ್ನೆ ಠರಾವಿನಲ್ಲಿ ಬಂದಿರಲಿಲ್ಲ.

ಬಳಗದ ಅಧ್ಯಕ್ಷೆ ಭಾಗೀರಥಮ್ಮ ಮೂವತ್ತೆಂಟು ವರ್ಷ ಹೈಸ್ಕೂಲು ಮೇಷ್ಟರಿಕೆ ಮಾಡಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ನಲ್ಲಿಯ ಮುಂದಿನ ಸಾಮಾನುಗಳನ್ನು ನೋಡಿ ಮೂಗಿಗೆ ಸೆರಗು ಹಿಡಿದು, ಅಲ್ಲಿ ಗೋಲಿಯಾಡುತ್ತಿದ್ದ ಮಕ್ಕಳನ್ನು ಕೇಳಿದರು.

"ಇದೆಲ್ಲ ಯಾರದ್ರೋ?"

"ಎಲ್ಲಾರ್ದೂ ಮಿಸ್!"

ಮಕ್ಕಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಭಾಗೀರಥಮ್ಮ ಬಳಗದ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ಎಲ್ಲರದೂ ಅಂದ್ರೆ ಯಾರೂ ಎತ್ತಲ್ಲ. ನಾವು ಎತ್ತೋಣ." ಮಕ್ಕಳಿಗೆ ಬಿಸ್ಕೆಟ್ ಪೊಟ್ಟಣ ಕೊಟ್ಟರು. ಬಿಸ್ಕೆಟ್ಟು ಬಾಯಲ್ಲಿದ್ದವರು ಮುಂದೆ ಏನು ಹೇಳಿಯಾರು?

ಹೆಡ್‌ಮಿಸ್ಸಿನ ಅಭ್ಯಾಸ. ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿದರು. ಕೂಗಿದ ಕ್ರಮದಲ್ಲೇ, ನಲ್ಲಿಯ ಕಡೆಯಿಂದ ಶುರುಮಾಡಿ ಒಬ್ಬೊಬ್ಬರಿಗೆ ಒಂದೊಂದು. ಮೊದಲನೆಯದು ಮುಖ್ಯ ಅತಿಥಿ ಶಂಭುಲಿಂಗಪ್ಪನವರಿಗೆ: ಒರಳು. ಫೋಟೋದವನು ಎರಡೆರಡು ಸಲ ಎತ್ತಿಸಿದ. ಎರಡನೆಯದು ಅಧ್ಯಕ್ಷೆಗೆ: ಪಿಂಗಾಣಿ ಬೇಸಿನ್ನು. ಮೂರನೆಯದು ಕಾಲೇಜಿನ ಮೈತ್ರೇಯಿಗೆ: ಕುಕ್ಕರು. ಬಂದವರು ಇಪ್ಪತ್ತಾರು, ಸಾಮಾನು ಇಪ್ಪತ್ತೆರಡು. ಕೊನೆಯ ನಾಲ್ವರಿಗೆ ಕಸ ಸಿಗಲಿಲ್ಲವೆಂದು ಬೇಜಾರಾಯಿತು. ಅರ್ಧ ಗಂಟೆಯಲ್ಲಿ ಲಾರಿ ಹೊರಟುಹೋಯಿತು. ನೆಲ ಗುಡಿಸಿ ರಂಗೋಲಿಯನ್ನೂ ಹಾಕಿದರು.

ಮುನಿಯಕ್ಕ ತಲೆಯ ಮೇಲೆ ಬತ್ತಿಪುಡಿಯ ಮೂಟೆ ಹೊತ್ತು ಬಂದವಳು ರಂಗೋಲಿ ನೋಡಿ ನಿಂತಳು. ಮೂಟೆ ತಾನಾಗಿ ಕೆಳಗಿಳಿಯಿತು.

"ನಮ್ ಸಾಲೆಲ್ಲಿ?"

"ಯಾವ ಸಾಲಮ್ಮಾ? ಇಲ್ಲಿ ಯಾರೂ ನಿಂತಿರಲಿಲ್ಲವಲ್ಲ," ಎಂದರು ಭಾಗೀರಥಮ್ಮ.

"ಒರಳು ನಿಂತಿತ್ತಲ್ಲಾ! ಅದೇ ನಾನು!"

ಮುಸುರೆ ಕೆಲಸ ಮುಗಿಸಿ ಬಂದವರು, ಕೂಲಿ ಅರ್ಧಕ್ಕೆ ಬಿಟ್ಟು ಬಂದವರು, ಒಬ್ಬೊಬ್ಬರಾಗಿ ಸುತ್ತ ನೆರೆದರು. "ನನ್ ಕುಕ್ಕರೆಲ್ಲಿ?" "ನನ್ ಗಂಡ ಹೋದ್ರೂ ಆ ಚಪ್ಲಿ ಹೋಗಿರ್ಲಿಲ್ಲ ಕಣ್ರೀ!" ಬಳಗದವರು ಬಸ್ಸಿನ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಏನಾಯಿತೆಂದು ಭಾಗೀರಥಮ್ಮನವರಿಗೆ ಅರ್ಥವಾಗಲು ಹತ್ತು ನಿಮಿಷ ಹಿಡಿಯಿತು. ಅರ್ಥವಾದಾಗ ಅವರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಶಂಭುಲಿಂಗಪ್ಪನವರು ಸೊಂಟ ಹಿಡಿದುಕೊಂಡೇ ಮುಂದೆ ಬಂದರು. "ಒರಳಲ್ವೇನಮ್ಮ? ನಾನೇ ಎತ್ತಿದ್ದು. ಬಿಡು, ಇಪ್ಪತ್ತೆರಡು ಹೊಸ ಬಕೆಟ್ ಕೊಡಿಸ್ಬಿಡ್ತೀನಿ. ಎಲ್ಲಾ ಒಂದೇ ಬಣ್ಣ. ಚೆಂದ ಕಾಣ್ತದೆ."

"ಒಂದೇ ಬಣ್ಣ ತಂದ್ರೆ ನಾನ್ಯಾರು, ಇವಳ್ಯಾರು? ಬಕೆಟ್ ಯಾರಿಗ್ ಬೇಕು ಸಾವ್ಕಾರ್ರೆ? ಯಾರ ಹಿಂದೆ ಯಾರು ಅನ್ನೋದು ಬೇಕು. ಅದನ್ನ ಕೊಡ್ಸಿ, ಅದ್ಯಾವ ಅಂಗ್ಡೀಲಿ ಸಿಗ್ತದೋ ನೋಡಾನ!"

ಆಗ ಮುನಿಲಕ್ಷ್ಮಮ್ಮ ಬಾಯಿ ತೆರೆದಳು. ಪಿಂಗಾಣಿ ಬೇಸಿನ್ನು ಅವಳದು, ಸಾಲಿನಲ್ಲಿ ಎರಡನೆಯದು. ಅವಳ ಗಂಡನ ಹನ್ನೊಂದನೇ ದಿನಕ್ಕೆ ಮುನಿಯಕ್ಕ ಸರದಿ ಕೊಟ್ಟಿದ್ದಳು. ಈಗ ಅವಳು ಕೊಡಬೇಕಾಗಿತ್ತು. ಆದರೆ ಮನೆಯಲ್ಲಿ ಮೂರು ಮೊಮ್ಮಕ್ಕಳ ಯೂನಿಫಾರಂ ರಾಶಿ ಬಿದ್ದಿತ್ತು.

"ಸಾಲೇ ಹೋಯ್ತು ಅಂದ್ಮೇಲೆ ಮುಯ್ಯಿ ಎಲ್ಲೀದು? ನಾಳೆ ಯಾರ್ ಮೊದ್ಲು ಬಿಂದ್ಗೆ ಇಟ್ರೋ ಅವರ್ದೇ ನೀರು."

"ಲೇ ಮುನಿಲಕ್ಷ್ಮೀ, ಹನ್ನೊಂದ್ನೇ ದಿನಕ್ಕೆ ಯಾರ್ ನೀರಲ್ಲಿ ಅನ್ನ ಬೇಯಿಸ್ದೆ?"

"ನಾ ಇಲ್ಲ ಅಂದ್ನಾ? ಈ ಸಲ ಬೇಡ ಅಂದಿದ್ದೆ. ನನ್ ಬೇಸಿನ್ಗೆ ನಿನ್ ಬಟ್ಟೆ ಕಟ್ಟಿತ್ತಾ? ತೋರ್ಸು!"

ತೋರಿಸುವುದೇನನ್ನು? ಬೇಸಿನ್ನು ಊರಾಚೆಯ ತಿಪ್ಪೆಯಲ್ಲಿ ಲಾರಿಗಟ್ಟಲೆ ಕಸದ ಅಡಿ ಸೇರಿತ್ತು. ಮುನಿಯಕ್ಕ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಬತ್ತಿ ಹೊಸೆದು ಕಪ್ಪಾದ ಎರಡೂ ಅಂಗೈ ತಲೆಯ ಮೇಲೆ. "ನಲವತ್ತು ಜನ ಬತ್ತಾರೆ ಕಣ್ರವ್ವಾ," ಎಂದಳು. ಅದನ್ನು ಯಾರಿಗೂ ಹೇಳಿದಂತಿರಲಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಮೈತ್ರೇಯಿ ಇಳಿದಳು. "ಮಿಸ್, ನೀವು ಹಾಜರಿ ಕೂಗಿದ ಕ್ರಮದಲ್ಲೇ ಅಲ್ವಾ ಎತ್ತಿದ್ದು?"

ಭಾಗೀರಥಮ್ಮ ಅವಳನ್ನು ನೋಡಿದರು. ಆಮೇಲೆ ಕೈಚೀಲದಿಂದ ಹಾಜರಿ ಪುಸ್ತಕ ತೆಗೆದರು. ಬಸ್ಸಿನಿಂದ ಎಲ್ಲರನ್ನೂ ಇಳಿಸಿದರು. ಸುಣ್ಣದಗೂಡಿನ ಇತಿಹಾಸದಲ್ಲೇ ಅಂಥ ಹಾಜರಿ ನಡೆದಿರಲಿಲ್ಲ.

"ನಂಬರ್ ಒಂದು?"

"ಒರಳು," ಎಂದರು ಶಂಭುಲಿಂಗಪ್ಪನವರು.

"ಎರಡು ನಾನೇ. ಬೇಸಿನ್ನು. ಮೂರು?"

"ಕುಕ್ಕರ್ ಮಿಸ್. ಕೆಂಪು ಬಟ್ಟೆ ಕಟ್ಟಿತ್ತು."

"ನಾಲ್ಕು?"

"ಚಪ್ಪಲಿ. ಎಡಗಾಲಿಂದು," ಎಂದರು ಬ್ಯಾಂಕಿನಿಂದ ರಿಟೈರಾದ ಶೀನಣ್ಣ, ನಾಚಿಕೊಂಡು.

ಇಪ್ಪತ್ತೆರಡೂ ಬಂದವು. ಐದು ಸಾಮಾನುಗಳ ಮೇಲೆ ಕೆಂಪು ಚೂರು ಇದ್ದದ್ದನ್ನು ಎತ್ತಿದವರೇ ನೆನಪಿಟ್ಟಿದ್ದರು. ಉಳಿದದ್ದು ಆರನೆಯದು, ಬೇಸಿನ್ನು.

"ಅದನ್ನ ನಾನು ಮುಖ ತಿರುಗಿಸ್ಕೊಂಡು ಎತ್ತಿದೆ," ಎಂದರು ಭಾಗೀರಥಮ್ಮ. "ಇತ್ತೋ ಇಲ್ವೋ, ಸುಳ್ಳು ಹೇಳಲಾರೆ."

"ಕೇಳುದ್ರಾ!" ಎಂದಳು ಮುನಿಲಕ್ಷ್ಮಮ್ಮ.

ಇದು ಆರು ಬಿಂದಿಗೆಯ ಮಾತಾಗಿ ಉಳಿಯಲಿಲ್ಲ. ಸರದಿ ಕೊಟ್ಟ ಉಳಿದ ಐವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಕುಕ್ಕರಿನ ಒಡತಿ ಅಂಬುಜಮ್ಮ ಹೇಳಿಯೇಬಿಟ್ಟಳು: "ಅಕ್ಕಾ, ತಪ್ಪು ತಿಳ್ಕಾಬ್ಯಾಡ. ಅವಳು ಕೊಟ್ರೆ ನಾವೂ ಕೊಡ್ತೀವಿ. ಅವಳೊಬ್ಳು ಜಾರ್ಕೊಂಡ್ರೆ ನಾವ್ಯಾಕ್ ಪೆದ್ದರಾಗಾನ?"

ಮುನಿಯಕ್ಕ ಎದ್ದು ನಿಂತು ಸೆರಗು ಸಿಕ್ಕಿಸಿದಳು.

"ಆಯ್ತು, ಅದನ್ನ ನಾಳೆ ನೋಡ್ಕಳಾನ. ಮೊದ್ಲು ಸಾಲು. ಹೊಸ ಕಲ್ಲಿಟ್ರೆ ಯಾವಳೂ ಮರ್ಯಾದಿ ಕೊಡಾಕಿಲ್ಲ. ಆದ್ರಿಂದ ಟೀಚರಮ್ಮಾ, ನಾಳೆ ಒಂಬತ್ ಗಂಟೆಗೆ ನೀವೆಲ್ಲಾ ಬಂದು ನಿಂತ್ಕಬೇಕು. ಯಾರ್ ಯಾವ್ದು ಎತ್ತುದ್ರೋ ಅವರೇ ಅದು. ನೀರು ಬರೋತನ್ಕ ಕದಲಂಗಿಲ್ಲ."

"ನಾನು ಅಂಗಡಿ ತೆಗೀಬೇಕಲ್ಲಮ್ಮ, ಶನಿವಾರ..." ಎಂದರು ಶಂಭುಲಿಂಗಪ್ಪನವರು.

"ಒರಳು ಅಂಗ್ಡಿ ತೆಗೀತದಾ?"

ಸುಣ್ಣದಗೂಡು ನಕ್ಕಿತು. ಬಳಗವೂ ನಕ್ಕಿತು, ಸ್ವಲ್ಪ ತಡವಾಗಿ.

ಶನಿವಾರ ಒಂಬತ್ತಕ್ಕೆ ಸಾಲು ಸರಿಯಾಗಿ ನಿಂತಿತ್ತು. ಮುಂದೆ ಬಿಳಿ ಜುಬ್ಬದ, ವಿಭೂತಿ ಧರಿಸಿದ ಶಂಭುಲಿಂಗಪ್ಪನವರು. ಅವರ ಹಿಂದೆ ಕೈಮಗ್ಗದ ಸೀರೆಯ ಭಾಗೀರಥಮ್ಮ. ಆಮೇಲೆ ಮೈತ್ರೇಯಿ, ಶೀನಣ್ಣ, ಹೀಗೆ ಭಟ್ಟಿಯ ಗೋಡೆಯವರೆಗೆ. ಹೆಂಗಸರು ಒಬ್ಬೊಬ್ಬರೇ ಬಂದು ತಂತಮ್ಮ ಸಾಮಾನನ್ನು ನೋಡಿ, ತೃಪ್ತಿಯಿಂದ ಕೆಲಸಕ್ಕೆ ಹೋದರು. "ನನ್ ಡಾಲ್ಡಾ ಡಬ್ಬ ಎಷ್ಟು ಬೆಳ್ಳಗವ್ರೆ ನೋಡೇ!" ಎಂದು ಒಬ್ಬಳು. ಮಕ್ಕಳು ಸಾಲಿನುದ್ದಕ್ಕೂ ಓಡಾಡಿ ಹೆಸರು ಖಾಯಂ ಮಾಡಿದರು: ಒರಳು ತಾತ, ಕುಕ್ಕರಕ್ಕ, ಚಪ್ಪಲಿ ಮಾಮ.

ಹತ್ತಾಯಿತು. ಹನ್ನೊಂದಾಯಿತು. ಬಿಸಿಲು ತಲೆಯ ಮೇಲೆ ಬಂತು. ಶಂಭುಲಿಂಗಪ್ಪನವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು.

"ಮೇಡಮ್ನೋರೆ, ನೀರು ಎಷ್ಟೊತ್ತಿಗೆ ಬರ್ತದಂತೆ?"

"ಗೊತ್ತಿಲ್ಲವಂತೆ."

"ಯಾರಿಗೆ ಗೊತ್ತಂತೆ?"

"ಯಾರಿಗೂ ಗೊತ್ತಿಲ್ಲವಂತೆ."

"ಇದ್ಯಾವ ಸೀಮೆ ವ್ಯವಸ್ಥೆ ರೀ!" ಎಂದು ಅವರು ಗುಡುಗಿದರು. ಅಲ್ಲೇ ನೆರಳಿನಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಮುನಿಯಕ್ಕ ತಲೆಯೆತ್ತಿ, "ಅಯ್ಯೋ, ನನ್ ಒರಳಿಗೆ ಮೂರೇ ಗಂಟೇಲಿ ಕ್ವಾಪ ಬಂತಲ್ಲಪ್ಪಾ. ಹಳೇದು ಹನ್ನೆರಡು ವರ್ಸ ತೆಪ್ಪಗಿತ್ತು," ಎಂದಳು.

ಒಂದು ಗಂಟೆಯ ಹೊತ್ತಿಗೆ ಹೆಂಗಸರು ಕೆಲಸ ಮುಗಿಸಿ ಒಬ್ಬೊಬ್ಬರೇ ಹಿಂತಿರುಗತೊಡಗಿದರು. ಆಗಲೇ ಭಾಗೀರಥಮ್ಮನವರ ಮುಖ ಬಿಗಿಯಾಯಿತು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಬಂದಿದ್ದರು. ಅರ್ಧ ಗಂಟೆ ತಡೆದುಕೊಂಡು, ಆಮೇಲೆ ಬಾಗಿ ಮುನಿಯಕ್ಕನ ಕಿವಿಯ ಹತ್ತಿರ ಕೇಳಿದರು.

"ಇಲ್ಲಿ... ಹೋಗೋದು ಎಲ್ಲಿ?"

"ಏನಕ್ಕೆ?"

"ಅದಕ್ಕೇ."

ಮುನಿಯಕ್ಕ ಹೊಸೆಯುತ್ತಿದ್ದ ಕೈ ನಿಲ್ಲಿಸಿದಳು. "ಭಟ್ಟಿ ಹಿಂದ್ಗಡೆ. ಆದ್ರೆ ಹೊತ್ತು ಮುಳುಗಿದ್ ಮ್ಯಾಲೆ. ಇಲ್ಲಾ ಹೊತ್ತು ಹುಟ್ಟೋಕ್ ಮುಂಚೆ. ಈಗ ಅದರ ಆಚೆಗಿರೋ ವರ್ಕ್‌ಶಾಪಿನ ಗಂಡಸ್ರು ಇರ್ತಾರೆ."

"ನನ್ನ ಕೈಲಿ ಆಗಲ್ಲಮ್ಮಾ ಸಂಜೆವರೆಗೆ."

"ನಮ್ ಕೈಲೂ ಆಗಲ್ಲ ಟೀಚರಮ್ಮಾ. ಆದ್ರೂ ಆಗ್ತದೆ." ಮುನಿಯಕ್ಕ ಎದ್ದು ಕೂಗು ಹಾಕಿದಳು. "ಲೇ ಅಂಬುಜೀ, ಸೀರೆ ತಗಂಬಾರೇ ನಾಕು!"

ಆದರೆ ಸಾಲು ಬಿಟ್ಟು ಕದಲುವಂತಿಲ್ಲವಲ್ಲ. ಭಾಗೀರಥಮ್ಮ ಒಂದು ಕ್ಷಣ ಯೋಚಿಸಿದರು. ಹೆಗಲಿನ ಕೈಚೀಲವನ್ನು ಇಳಿಸಿ ತಾವು ನಿಂತ ಜಾಗದಲ್ಲೇ ಇಟ್ಟರು. ಇಟ್ಟ ಮೇಲೆ ತೃಪ್ತಿಯಾಗಲಿಲ್ಲ. ಇದು ಯಾರದ್ದೆಂದು ಯಾರಾದರೂ ಎತ್ತಿಬಿಟ್ಟರೆ? ಗುರುತಿಗೆ ಏನಾದರೂ ಕಟ್ಟಬೇಕೆಂದು ಚೀಲದ ಪಕ್ಕದ ಜೇಬಿಗೆ ಕೈಹಾಕಿದಾಗ ಒಂದು ಬಟ್ಟೆಯ ಚೂರು ಸಿಕ್ಕಿತು. ಅದನ್ನು ಚೀಲದ ಹಿಡಿಗೆ ಗಂಟು ಹಾಕಿ, ನೆರಿಗೆ ಎತ್ತಿ ಹಿಡಿದು ಭಟ್ಟಿಯ ಹಿಂದಕ್ಕೆ ಓಡಿದರು.

ನಾಲ್ಕು ಹೆಂಗಸರು ನಾಲ್ಕು ಕಡೆ ಸೀರೆ ಹಿಡಿದು ಬೆನ್ನು ತಿರುಗಿಸಿ ನಿಂತರು. ಮೂವತ್ತೆಂಟು ವರ್ಷ ಆರೋಗ್ಯದ ಪಾಠ ಮಾಡಿದ್ದ ಭಾಗೀರಥಮ್ಮ ಬಣ್ಣ ಮಾಸಿದ ಆ ನಾಲ್ಕು ಗೋಡೆಗಳ ನಡುವೆ ಕೂತರು.

"ದಿನಾ ಹೀಗೇನಾ?" ಎಂದರು ಒಳಗಿನಿಂದ.

"ದಿನಾ ಸೀರೆ ಹಿಡಿಯೋರು ಎಲ್ಲಿ ಸಿಗ್ತಾರಮ್ಮಾ? ನೀರೇ ಕಮ್ಮಿ ಕುಡೀತೀವಿ," ಎಂದಳು ಒಂದು ಸೀರೆ ಹಿಡಿದಿದ್ದ ಮುನಿಯಕ್ಕ.

"ಬಾಣಂತಿ? ನಿನ್ನ ಮಗಳು?"

"ಅವಳೂನೂ."

ಹೊರಗೆ ಬಂದಾಗ ಅವರ ಮುಖ ಕೆಂಪಾಗಿತ್ತು. ನಾಚಿಕೆಯ ಕೆಂಪಲ್ಲ ಅದು. ಹೋಂವರ್ಕ್ ಮಾಡದೆ ಬಂದ ತರಗತಿಯನ್ನು ನೋಡುವಾಗ ಬರುತ್ತಿದ್ದ ಕೆಂಪು. ಈ ಸಲ ಮಾಡದೆ ಬಂದವರು ಅವರೇ.

ಸಾಲಿನ ಹತ್ತಿರ ಗದ್ದಲವೋ ಗದ್ದಲ. ಕೈಚೀಲದ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ನಡುವೆ ಮುನಿಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿ ಕೂತಿದ್ದಳು.

"ಏನಾಯ್ತು? ನಾನು ಸಾಲು ಬಿಟ್ಟಿಲ್ಲಮ್ಮಾ, ಚೀಲ ಇಟ್ಟೇ ಹೋಗಿದ್ದೆ," ಎಂದರು ಭಾಗೀರಥಮ್ಮ ಗಾಬರಿಯಾಗಿ.

ಅಂಬುಜಮ್ಮ ಚೀಲದ ಹಿಡಿಯ ಕೆಂಪು ಚೂರನ್ನು ಎತ್ತಿ ಹಿಡಿದಳು. "ಟೀಚರಮ್ಮಾ, ಇದು ನಿಮ್ಗೆಲ್ಲಿ ಸಿಕ್ತು?"

"ಅದಾ? ಆ ಬೇಸಿನ್ನಿನ ಅಂಚಲ್ಲಿ ಕೈಗೆ ಸಿಕ್ಕಿತು. ತುಕ್ಕು ಹಿಡಿದಿತ್ತಲ್ಲ, ಏನೋ ಚಿಂದಿ ಅಂದ್ಕೊಂಡು, ನೋಡದೇನೇ ಎಳೆದು ಕೈಗೆ ಅಡ್ಡ ಹಿಡ್ಕೊಂಡು ಎತ್ತಿದೆ. ಆಮೇಲೆ ಗಟ್ಟಿ ಬಟ್ಟೆ ಯಾಕೆ ಎಸೀಬೇಕು ಅಂತ ಚೀಲಕ್ಕೆ..." ಅವರ ಕೈ ಬಾಯಿಗೆ ಹೋಯಿತು. "ಅಯ್ಯೋ ದೇವರೇ. ಇದೇನಾ ಅದು?"

ಮುನಿಯಕ್ಕ ತನ್ನ ಹಳೇ ಕೆಂಪು ಸೀರೆಯ ಉಳಿದ ತುಂಡನ್ನು ತಂದು ಪಕ್ಕಕ್ಕಿಟ್ಟಳು. ಅಂಚಿನ ಹಳದಿ ಗೆರೆ ಎರಡರಲ್ಲೂ ಒಂದೇ. ಹರಿದ ಜಾಗಕ್ಕೆ ಹರಿದ ಜಾಗ ಕೂಡಿತು. ಅವಳು ಆಡಬೇಕಾದ್ದನ್ನು ಉಳಿದ ಇಪ್ಪತ್ತು ಜನ ಆಡುತ್ತಿದ್ದರು.

ಮುನಿಲಕ್ಷ್ಮಮ್ಮ ಸೆರಗು ಸರಿಸಿದಳು. ಒಳಗೆ ನಗುತ್ತಿದ್ದಳು. "ಯಪ್ಪಾ, ಈ ಟೀಚರಮ್ಮನ ಬ್ಯಾಗಲ್ಲಿ ಇನ್ನೇನೇನ್ ಐತೋ! ಆಯ್ತು ಕಣೇ ಮುನಿಯೀ, ತುಂಬ್ಕೋ. ತಪ್ಪಾಯ್ತು. ಆದ್ರೆ ನಾಳೆ ನನ್ ಎಲೆಗೆ ಎರಡು ಒಬ್ಬಟ್ಟು ಜಾಸ್ತಿ ಬೀಳ್ಬೇಕು."

"ನಾಕು ಹಾಕ್ತೀನಿ. ಮೊದ್ಲು ಬಿಂದ್ಗೆ ಹಿಡಿ ಬಾ," ಎಂದಳು ಮುನಿಯಕ್ಕ.

ಅಷ್ಟರಲ್ಲಿ ರಾಮಾನುಜನ ಸೈಕಲ್ ಬೆಲ್ಲು ಕೇಳಿಸಿತು. ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಉಗುಳಿತು, ಆಮೇಲೆ ಸುರಿಯಿತು. ಶಂಭುಲಿಂಗಪ್ಪನವರು ಐದು ಗಂಟೆ ಕಾದು ಕಂಡ ನೀರನ್ನು ನೋಡಿ ಚಪ್ಪಾಳೆ ತಟ್ಟಿಬಿಟ್ಟರು. ಆಮೇಲೆ ಜುಬ್ಬದ ತೋಳು ಮಡಚಿ ತಾವೇ ಬಿಂದಿಗೆ ಎತ್ತಿಕೊಟ್ಟರು. ಇಡೀ ಬಳಗ ಕೈಯಿಂದ ಕೈಗೆ ದಾಟಿಸಿತು. ನಲವತ್ತೆರಡು ಬಿಂದಿಗೆ ಮುನಿಯಕ್ಕನ ಮನೆಯ ಮುಂದೆ ಸಾಲಾಗಿ ಕೂತವು. ಅವಳು ಎರಡು ಸಲ ಎಣಿಸಿದಳು.

ಭಾನುವಾರ ಮಗುವಿಗೆ ಆರಾಧನಾ ಎಂದು ಹೆಸರಿಟ್ಟರು. ಮಾಗಡಿಯ ಬೀಗಿತ್ತಿ ಊಟವಾದ ಮೇಲೆ ಬಾಗಿಲಿಗೆ ಬಂದಾಗ ಮುನಿಯಕ್ಕ ತಾನೇ ಚೊಂಬು ಹಿಡಿದು ನಿಂತಿದ್ದಳು. ಒಂದು ಚೊಂಬು ಸುರಿದಳು. ಇನ್ನೊಂದು ಸುರಿದಳು. ಬೀಗಿತ್ತಿ, "ಸಾಕು ಕಣಮ್ಮಾ, ಕೈ ತೊಳೀತಿದೀನಿ, ಸ್ನಾನ ಮಾಡ್ತಿಲ್ಲ," ಎಂದರೂ ಮೂರನೆಯದನ್ನೂ ಸುರಿದಳು.

ನಾಮಕರಣಕ್ಕೆ ಬಳಗದವರಿಗೂ ಕರೆ ಹೋಗಿತ್ತು. ಊಟದ ಎಲೆಯ ಮುಂದೆಯೇ ಭಾಗೀರಥಮ್ಮ ಶಂಭುಲಿಂಗಪ್ಪನವರಿಗೆ ವಿಷಯ ತೆಗೆದರು. "ಮಂಟಪ ಬೇಡ ಸ್ವಾಮಿ. ಕಕ್ಕಸು ಕಟ್ಟಿಸಿ. ಆರು. ನೀರಿನ ತೊಟ್ಟಿ ಸಮೇತ."

ಅವರ ಕೈಯ ಒಬ್ಬಟ್ಟು ಅರ್ಧದಲ್ಲಿ ನಿಂತಿತು. "ಅಲ್ರೀ, ಅವ್ವನ ಹೆಸರು... ಕಕ್ಕಸಿನ ಮೇಲಾ?"

ತುಪ್ಪ ಬಡಿಸುತ್ತಿದ್ದ ಮುನಿಯಕ್ಕ ಕೇಳಿದಳು: "ನಿಮ್ಮವ್ವಾರು ಎಲ್ಲಿಗ್ ಹೋಗೋರು ಸಾವ್ಕಾರ್ರೆ?"

ಬೇರೆಯವರು ಕೇಳಿದ್ದರೆ ಅದು ಉದ್ಧಟತನವಾಗುತ್ತಿತ್ತು. ಐದು ಗಂಟೆ ತನ್ನ ಒರಳಾಗಿ ನಿಂತವರನ್ನು ಅವಳು ಕೇಳಬಹುದಿತ್ತು. ಶಂಭುಲಿಂಗಪ್ಪನವರು ಕೈಯ ಒಬ್ಬಟ್ಟನ್ನು ಎಲೆಗಿಟ್ಟರು. "ಪೇಟೆ ಮನೇಲಿ ಕಕ್ಕಸು ಕಟ್ಟಿಸಿದ್ದು ನಾನು ಹೈಸ್ಕೂಲಿಗೆ ಬಂದ್ಮೇಲೆ," ಎಂದರು. "ಅಲ್ಲೀತನಕ ಅವ್ವ ಕೋಳಿ ಕೂಗೋಕೆ ಮುಂಚೆ ಚೊಂಬು ಹಿಡ್ಕೊಂಡು ಹೋಗೋಳು. ನಾವು ಗಂಡುಮಕ್ಕಳು ಮಲಗಿರ್ತಿದ್ವಿ." ಒಬ್ಬಟ್ಟನ್ನು ಮತ್ತೆ ಎತ್ತಿಕೊಂಡು ಹೇಳಿದರು: "ಹಾಕ್ಸಿ ಮೇಡಮ್ನೋರೆ. ದೊಡ್ಡ ಅಕ್ಷರದಲ್ಲೇ ಹಾಕ್ಸಿ."

ಈ ಸಲ ಬಳಗ ಠರಾವಿಗೆ ಮುಂಚೆ ಕೇಳಿತು. ಬಾಗಿಲು ಯಾವ ಕಡೆ ಇರಬೇಕು, ವರ್ಕ್‌ಶಾಪಿಗೆ ಬೆನ್ನು ಹಾಕಿ. ಚಿಲಕ ಎಷ್ಟೆತ್ತರ, ಮಕ್ಕಳ ಕೈಗೆ ಎಟುಕುವಷ್ಟು. ಗೋಡೆಯ ಮೇಲೆ ಏನು ಬರೆಯಬೇಕು? "ಏನೂ ಬ್ಯಾಡ, ಒಳ್ಗೊಂದು ಮೊಳೆ ಹೊಡೀರಿ, ಸೀರೆ ನೇತಾಕಕ್ಕೆ," ಎಂದಳು ಮುನಿಲಕ್ಷ್ಮಮ್ಮ. ಮಳೆಗಾಲ ಮುಗಿಯುವ ಹೊತ್ತಿಗೆ ಆರು ಬಾಗಿಲು ನಿಂತವು. ಕೊಳಾಯಿ ಕನೆಕ್ಷನ್ ಒಂದು ಬಾಕಿ. ನೀರಿನ ಆಫೀಸಿನಲ್ಲಿ ಸಾಹೇಬರು ಸಾಲಿನಲ್ಲಿ ಬನ್ನಿ ಎಂದರು. ಸರಿ, ಮರುದಿನವೇ ಸಾಲು ಬಂತು. ಆಫೀಸಿನ ಉದ್ದನೆಯ ಪಡಸಾಲೆಯಲ್ಲಿ, ಸಾಹೇಬರ ಬಾಗಿಲಿನಿಂದ ಮೆಟ್ಟಿಲಿನವರೆಗೆ, ಇಪ್ಪತ್ತೆರಡು ಮುರುಕು ಸಾಮಾನು. ಮುಂದೆ ಅದೆಲ್ಲಿಂದಲೋ ಹುಡುಕಿ ತಂದ ಇನ್ನೊಂದು ಅರ್ಧ ಒರಳು. ಜವಾನ ಪೊರಕೆ ಹಿಡಿದು ಬಂದ.

"ಯಾರದ್ರೀ ಇದು ಕಸ?"

"ಮುಟ್ಟಬೇಡ!" ಎಂದು ಗರ್ಜಿಸಿದವರು ಭಾಗೀರಥಮ್ಮ. ಮೂವತ್ತೆಂಟು ವರ್ಷದ ಗಂಟಲು ಅದು. ಎರಡನೇ ಮಹಡಿಯ ಟೈಪ್‌ರೈಟರುಗಳೂ ನಿಂತವು. "ಅದು ಕಸ ಅಲ್ಲ. ಅದು ಸಾಲು. ಒಂದೊಂದೂ ಒಂದೊಂದು ಮನೆ. ಸಾಹೇಬರು ಬೇಕಾದ್ರೆ ದಾಟಿಕೊಂಡು ಹೋಗಲಿ, ನೋಡ್ತೀನಿ."

ಸಾಹೇಬರು ಮೂರು ದಿನ ಒರಳು ದಾಟಿದರು. ನಾಲ್ಕನೇ ದಿನ ರುಜು ಹಾಕಿದರು. ದಿನ ಬಿಟ್ಟು ದಿನ ನೀರು, ಬೆಳಿಗ್ಗೆ ಏಳಕ್ಕೆ. ದಿನವೂ ಬೇಕೆಂದು ಹೆಂಗಸರು ಇನ್ನೂ ಕೇಳುತ್ತಲೇ ಇದ್ದಾರೆ, ಒರಳನ್ನು ಎಸೆದಿಲ್ಲ.

ಉದ್ಘಾಟನೆಯ ದಿನ ಶಾಮಿಯಾನ ಇತ್ತು, ಟೇಪು ಇತ್ತು, ಹಿತ್ತಾಳೆ ತಟ್ಟೆಯಲ್ಲಿ ಕತ್ತರಿಯೂ ಇತ್ತು. ಶಂಭುಲಿಂಗಪ್ಪನವರು ಕತ್ತರಿ ಎತ್ತಿದವರು ಬಾಗಿಲಿನ ಮುಂದೆ ನೋಡಿ ಕೆಳಗಿಟ್ಟರು. ಅಲ್ಲಿ ಆಗಲೇ ಸಾಲು ಬೆಳೆದಿತ್ತು. ಹೊಸ ಒರಳು, ಹೊಸ ಬೇಸಿನ್ನು, ಡಬ್ಬ, ಚಪ್ಪಲಿ. ಅವರು ತಮ್ಮ ಜೋಡು ಬಿಚ್ಚಿ ಸಾಲಿನ ಕೊನೆಗಿಟ್ಟು ಬಂದರು. ಮಕ್ಕಳು ಓಹೋ ಎಂದರು.

ಮೊದಲನೇ ಒರಳಿಗೆ ಒಂದು ಬಟ್ಟೆಯ ಚೂರು ಕಟ್ಟಿತ್ತು. ಕೆಂಪಲ್ಲ, ಕೈಮಗ್ಗದ ನೀಲಿ. ಭಾಗೀರಥಮ್ಮ ತಮ್ಮ ಸೀರೆಯ ಸೆರಗನ್ನು ತಿರುಗಿಸಿ ನೋಡಿಕೊಂಡರು. ತುದಿಯಲ್ಲಿ ನಾಲ್ಕು ಬೆರಳಗಲ ಮಾಯವಾಗಿತ್ತು.

"ಯಾರಿದು ನನ್ನ ಸೆರಗು ಕತ್ತರಿಸಿದ್ದು?"

"ನಾನೇ. ಆಗ್ಲೇ ಉಪ್ಪಿಟ್ಟು ತಿಂತಿದ್ರಲ್ಲಾ, ಆಗ," ಎಂದಳು ಮುನಿಯಕ್ಕ. "ಮೊದ್ಲನೇ ಸರದಿ ನಂದು. ಅದನ್ನ ನಿಮ್ಗೆ ಮುಯ್ಯಿ ಕೊಟ್ಟಿದೀನಿ. ಹೋಗಿ."

"ಎಲ್ಲಿಗೆ?"

"ಒಳಿಕ್ಕೆ. ಟೇಪು ಕತ್ತರ್ಸುದ್ರೆ ಉದ್ಘಾಟನೆ ಆಗ್ತದಾ ಟೀಚರಮ್ಮಾ? ಹೋಗಿ ಬನ್ನಿ!"

ಇನ್ನೂರು ಜನ ನೋಡುತ್ತಿದ್ದರು. ಭಾಗೀರಥಮ್ಮ ಬಳಗದ ಕಡೆ ನೋಡಿದರು. ಮೈತ್ರೇಯಿ ಮುಖ ಪಕ್ಕಕ್ಕೆ ತಿರುಗಿಸಿ ನಗು ನುಂಗುತ್ತಿದ್ದಳು. ಅವರು ಕೈಚೀಲವನ್ನು ಮುನಿಯಕ್ಕನ ಕೈಗೆ ಕೊಟ್ಟು, ಟೇಪಿನ ಕೆಳಗೆ ಬಗ್ಗಿ ದಾಟಿ ಒಳಗೆ ಹೋದರು. ಚಿಲಕ ಬಿದ್ದ ಸದ್ದಾಯಿತು. ಸುಣ್ಣದಗೂಡು ಉಸಿರು ಹಿಡಿದು ಕಾದು ನಿಂತಿತು.

ಮೊದಲು ನಲ್ಲಿ ಕೆಮ್ಮಿತು. ಆಮೇಲೆ ನೀರು ಧೋ ಎಂದು ಸುರಿದ ಸದ್ದು ಬಾಗಿಲಾಚೆಗೂ ಕೇಳಿಸಿತು. ಚಪ್ಪಾಳೆಯೋ ಚಪ್ಪಾಳೆ. ಬಾಗಿಲು ತೆರೆದಾಗ ಭಾಗೀರಥಮ್ಮ ಒದ್ದೆ ಕೈಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದರು.

"ನಂಬರ್ ಎರಡು!" ಎಂದು ಕೂಗಿದರು.

ಮುನಿಲಕ್ಷ್ಮಮ್ಮ ಬೇಸಿನ್ನು ಎತ್ತಿ ಪಕ್ಕಕ್ಕಿಟ್ಟು ಓಡಿದಳು.